ಹಾಡು ಕೆತ್ತಿದಾಗ ಉದುರಿದ ಎಳೆ

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನಾನು ಬೈಲಹೊಂಗಲದ ಒಂದು ಮುಚ್ಚಿದ ಹತ್ತಿ ಜಿನ್ನಿನಲ್ಲಿ, ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಕಟಿಂಗ್ ಎಂಜಿನಿಯರ್ ಆಗಿದ್ದೆ. ಹತ್ತಿ ಜಿನ್ನಿನಲ್ಲಿ ಕತ್ತರಿಸುವುದೇನು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಕೊರೆಯುವುದು ಹಾಡನ್ನು. ಈಗಿನವರು ವಿನೈಲ್ ಎನ್ನುವ ಗ್ರಾಮಫೋನ್ ರಿಕಾರ್ಡು ಕಾರ್ಖಾನೆಯಲ್ಲಿ ಅಚ್ಚಾಗುವ ಮೊದಲು, ಅದರ ಮೂಲ ತಟ್ಟೆಯ ಮೇಲೆ ಹಾಡಿನ ಗೆರೆಯನ್ನು ಒಮ್ಮೆ ಯಾರಾದರೂ ಕೊರೆಯಬೇಕು. ಅದು ನನ್ನ ವೃತ್ತಿ. ಹುಟ್ಟಿದ್ದು ರಾಮದುರ್ಗದಲ್ಲಿ, ಎಲೆಕ್ಟ್ರಾನಿಕ್ಸ್ ಓದಿದ್ದು ಧಾರವಾಡದಲ್ಲಿ, ತಲೆಗೂದಲು ಬೆಳ್ಳಗಾದದ್ದು ಮುಂಬೈಯ ಸ್ಟುಡಿಯೋಗಳಲ್ಲಿ. ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ಇದರಲ್ಲಿ ಅಪಾಯವೇನು ಬಂತು ಎಂದು ನನ್ನ ತಮ್ಮ ಹಾಸ್ಯ ಮಾಡುತ್ತಿದ್ದ. ಈಗ ಮಾಡುವುದಿಲ್ಲ. ಉಗರಗೋಳದ ಒಂದು ಪಡಸಾಲೆಯಲ್ಲಿ ಒಬ್ಬ ಮುದುಕಿ ದೀಪದ ಮುಂದೆ ಕುಳಿತಿದ್ದ ರೀತಿಯನ್ನು ನಾನು ಅವನಿಗೆ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ನನ್ನನ್ನು ಕರೆಸಿದವನು ಮಹಾಂತೇಶ. ಜಿನ್ನು ಅವನ ಅಜ್ಜ ಕಟ್ಟಿಸಿದ್ದು. ಮೊಮ್ಮಗನಿಗೆ ಹತ್ತಿ ಬೇಡ, ರಿಕಾರ್ಡು ಬೇಕು. ಎಲ್ಲೋ ಮುಚ್ಚಿಹೋದ ರಿಕಾರ್ಡ್ ಕಾರ್ಖಾನೆಯೊಂದರಿಂದ ತಟ್ಟೆ ಕೊರೆಯುವ ಹಳೆಯ ಯಂತ್ರ, ಕಟಿಂಗ್ ಲೇಥನ್ನು ಕೊಂಡು ತಂದು, ಲಾರಿಯಿಂದ ಇಳಿಸಿ, ಜಿನ್ನಿನ ನಡುಮನೆಯಲ್ಲಿ ಕೂರಿಸಿದ್ದ. ಜಾಗವನ್ನು ನೋಡಿ ನಾನು ನಗಬೇಕೆಂದಿದ್ದೆ, ಆಗಲಿಲ್ಲ. ಹಾಡು ಕೊರೆಯುವ ಸೂಜಿಗೆ ನೆಲದ ಕೂದಲೆಳೆಯಷ್ಟು ನಡುಕವೂ ಆಗದು. ಮುಂಬೈಯಲ್ಲಿ ಲೋಕಲ್ ರೈಲು ಹಾದರೆ ನಾವು ಕೈ ನಿಲ್ಲಿಸುತ್ತಿದ್ದೆವು. ಇಲ್ಲಿ ಜಿನ್ನಿನ ಹಳೆಯ ಎಂಜಿನ್ ಕೂತಿದ್ದ ಕಲ್ಲಿನ ಅಡಿಪಾಯ ಹಾಗೇ ಉಳಿದಿತ್ತು, ಒಂದು ಸಣ್ಣ ಮನೆಯಷ್ಟು ಭಾರದ್ದು. ಅದರ ಮೇಲೆ ಲೇಥ್. ಗೋಡೆಗಳು ತೋಳುದ್ದ ದಪ್ಪ. ತೊಲೆಗಳ ಸಂದಿಯಲ್ಲಿ ಮಾತ್ರ ಹಳೆಯ ಅರಳೆಯ ದೂಳು ಇನ್ನೂ ಜೋತಾಡುತ್ತಿತ್ತು. ಬೀಜ ಬಿಡಿಸಿಟ್ಟ ಹತ್ತಿಯನ್ನು ಇಲ್ಲಿ ಅರಳೆ ಎನ್ನುತ್ತಾರೆ. ಮೊದಲ ದಿನವೇ ನಾನು ತಲೆಯೆತ್ತಿ ಅದನ್ನು ನೋಡಿದೆ, ಗುಡಿಸಲು ಹೇಳಿದೆ. ಗುಡಿಸಿದರು. ಮತ್ತೆ ನೋಡಿದರೆ ಇನ್ನೂ ಇತ್ತು.

ಕೊರೆಯಬೇಕಾಗಿದ್ದ ಹಾಡುಗಳು ‘ಎರಿಮಣ್ಣು’ ಎಂಬ ಮೇಳದವು. ಎರಿ ಎಂದರೆ ಈ ಸೀಮೆಯ ಕರಿ ನೆಲ. ನಾನು ಸಾಲೆಯಲ್ಲಿದ್ದಾಗ ಈ ಮೇಳ ಒಂದೇ ಒಂದು ರಿಕಾರ್ಡು ಮಾಡಿತ್ತು, ಕೆಲವೇ ಪ್ರತಿಗಳು. ಕಿತ್ತೂರಿನಲ್ಲಿ ಬ್ಯಾಂಡ್ ಮಾಸ್ತರರಾಗಿದ್ದ ಡೇವಿಡ್ ಎಂಬವರು ಅದರ ಗಿಟಾರಿಸ್ಟ್. ಬೆಳಗಾವಿಯ ಕ್ಯಾಂಪಿನಲ್ಲಿ ಮದುವೆ ಬ್ಯಾಂಡುಗಳಲ್ಲಿ ಬೆಳೆದವರು, ಸಿಪಾಯಿಗಳು ಬಿಟ್ಟುಹೋದ ರಿದಮ್ ಅಂಡ್ ಬ್ಲೂಸ್ ಎಂಬ, ಅಮೆರಿಕದ ಕಪ್ಪು ಜನರ ಹಾಡಿನ ರಿಕಾರ್ಡುಗಳನ್ನು ಕೇಳಿ ಕೇಳಿ ಕೈ ಕಲಿತವರು. ಉಗರಗೋಳದ ಗಂಗವ್ವನ ಚೌಡಿಕಿ ಹಾಡು ಒಮ್ಮೆ ಅವರ ಕಿವಿಗೆ ಬಿತ್ತು. ಚೌಡಿಕಿ ಒಂಟಿ ತಂತಿಯ ವಾದ್ಯ. ತಂತಿಯನ್ನು ಎಳೆದರೆ ಸ್ವರ ಮೇಲೇರುತ್ತದೆ, ಸಡಿಲಿಸಿದರೆ ಅಳುತ್ತಾ ಇಳಿಯುತ್ತದೆ. ಬ್ಲೂಸ್ ಗಿಟಾರೂ ಮಾಡುವುದು ಅದನ್ನೇ. ಮಾಸ್ತರರು ಎರಡನ್ನೂ ಸೇರಿಸಿದರು. ತಾಳಕ್ಕೆ ತಮಟೆಯಂಥ ಚರ್ಮವಾದ್ಯ, ಹಲಗಿ. ಬಾರಿಸಿದವನು ಈ ಜಿನ್ನಿನಲ್ಲೇ ಫಿಟ್ಟರ್ ಆಗಿದ್ದ ವೀರಪ್ಪ. ಮಾಸ್ತರರು ತೀರಿಕೊಂಡಿದ್ದರು. ಅವರ ಟ್ರಂಕಿನಲ್ಲಿ ಮೂಲ ಟೇಪು ಸಿಕ್ಕಿತು, ಕೆಟ್ಟಿರಲಿಲ್ಲ. ಮಹಾಂತೇಶ ಅದರಿಂದಲೇ ಹೊಸ ತಟ್ಟೆ ಕೊರೆಸಿ ರಿಕಾರ್ಡನ್ನು ಮತ್ತೆ ಹೊರತರಬೇಕೆಂದು ಹೊರಟಿದ್ದ. ಉಳಿದ ಇಬ್ಬರು, ಗಂಗವ್ವ ಮತ್ತು ವೀರಪ್ಪ, ಬದುಕಿರುವಾಗಲೇ ಅದು ಆಗಬೇಕಿತ್ತು.

ಈಗ ನನ್ನ ಕೆಲಸದ ಒಂದು ವಿವರ ಹೇಳಲೇಬೇಕು, ಏಕೆಂದರೆ ಎಲ್ಲ ನಡೆದದ್ದು ಅದರಿಂದ. ಮೂಲ ತಟ್ಟೆ ಅಲ್ಯುಮಿನಿಯಮ್ಮಿನದು, ಮೇಲೆ ಲ್ಯಾಕರ್ ಎಂಬ ಕಪ್ಪು ಲೇಪ. ಲೇಪದ ಹುಟ್ಟು ನೈಟ್ರೋಸೆಲ್ಯುಲೋಸಿನಿಂದ. ಬಂದೂಕಿನ ಮದ್ದು ಮಾಡುವುದೂ ಅದೇ ವಂಶದ ವಸ್ತುವಿನಿಂದ. ಕಾಯಿಸಿದ ಸಣ್ಣ ಹರಳಿನ ಸೂಜಿ, ಸ್ಟೈಲಸ್, ತಿರುಗುವ ತಟ್ಟೆಯಲ್ಲಿ ಗೆರೆ ಕೊರೆಯುತ್ತ ಹೋಗುತ್ತದೆ. ಕೊರೆದ ಲೇಪ ಒಂದೇ ಉದ್ದನೆಯ ಕಪ್ಪು ಎಳೆಯಾಗಿ ಏಳುತ್ತದೆ, ಹುಡುಗಿಯ ಕೂದಲಿನಷ್ಟು ಸಣ್ಣದು. ಅದನ್ನು ನಾವು ಸ್ವಾರ್ಫ್ ಎನ್ನುತ್ತೇವೆ. ಸೂಜಿಯ ಪಕ್ಕದ ನಳಿಗೆಯೊಂದು ಅದನ್ನು ಹೀರಿ ನೀರಿರುವ ಜಾಡಿಗೆ ಸೇರಿಸುತ್ತದೆ. ಒದ್ದೆಯಾಗಿರುವತನಕ ಅದು ಸಾಧು. ಒಣಗಿದರೆ, ಒಂದು ಕಿಡಿ ಸಾಕು. ಉರಿಯುತ್ತದೆ ಎಂಬ ಮಾತು ಅದಕ್ಕೆ ಸಾಲದು. ಇರುತ್ತದೆ, ಆಮೇಲೆ ಇರುವುದಿಲ್ಲ, ನಡುವೆ ಬೆಂಕಿ.

ದಿನದ ಜಾಡಿಯನ್ನು ಹಿತ್ತಲಿನ ನೀರಿನ ಡ್ರಮ್ಮಿಗೆ ಸುರಿಯುವ ಕೆಲಸ ವೀರಪ್ಪ ವಹಿಸಿಕೊಂಡ. ಎಲ್ಲ ಮುಗಿದ ಮೇಲೆ ಬಯಲಿನಲ್ಲಿ ಚಿಟಿಕೆ ಚಿಟಿಕೆಯಾಗಿ ಸುಟ್ಟುಹಾಕುವುದು ನನ್ನ ರೂಢಿ. ಮೊದಲ ದಿನ ಅವನಿಗೆ ಜಾಡಿ ತೋರಿಸಿ ಹೇಳಿದೆ: “ವೀರಪ್ಪ, ಇದಕ್ಕ ಬೆಂಕಿ ಭಾಳ ಲಗೂನ ಹತ್ತತೈತಿ. ಹುಷಾರ.”

ಅವನು ಮೀಸೆಯೊಳಗೆ ನಕ್ಕ. “ಅರಳಿಗೂ ಹತ್ತತೈತ್ರಿ ಅಕ್ಕಾರ. ನನ್ನ ಜನ್ಮ ಪೂರಾ ಅರಳಿಯಾಗ ಎದ್ದು ಅರಳಿಯಾಗ ಮಲಗೇನಿ. ಈ ಗೋಡಿಯೊಳಗ ಒಂದ ಬೀಡಿ ಸೇದಿದಾಂವ ಅಲ್ಲ ನಾ. ನನಗ ಬೆಂಕಿ ಪಾಠಾ ಹೇಳ್ತೀರೇನ?”

ನಿಜವೇ. ಆ ಆವರಣದಲ್ಲಿ ಅವನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಮಹಾಂತೇಶ ಲೇಥಿಗೆ ಊದಬತ್ತಿ ಹಚ್ಚಲು ಬಂದರೆ ಕೈಯಿಂದ ಕಿತ್ತುಕೊಂಡು ಹೊರಗೆ ನೆಲಕ್ಕೆ ಚುಚ್ಚುತ್ತಿದ್ದವನೂ ಅವನೇ. “ತಟ್ಟಿ ಹೋಗೂ ತನಕಾ ತಡೀರಿ ಧಣ್ಯಾರ, ಆಮ್ಯಾಲೆ ನಿಮ್ಮ ಪೂಜಿ.”

ಕೆಲಸ ನಿಧಾನಕ್ಕೆ ಸಾಗಿತು. ಹಳೆಯ ಟೇಪಿನಲ್ಲಿ ಹಲಗಿಯ ಏಟು ಬಂದಾಗಲೆಲ್ಲ ಗೆರೆ ಅಗಲವಾಗಿ ಪಕ್ಕದ ಗೆರೆಗೆ ತಾಗುತ್ತಿತ್ತು, ತಟ್ಟೆ ಹಾಳು. ಮತ್ತೊಂದು. ಮತ್ತೊಂದು. ತಪ್ಪಿದ ತಟ್ಟೆಗಳ ಮೇಲೇ ನಾನು ಹದ ನೋಡಲು ಕೊರೆದೆ. ಜಾಡಿ ದಿನವೂ ತುಂಬುತ್ತಿತ್ತು. ಒಂದು ಮಧ್ಯಾಹ್ನ ನಳಿಗೆಯ ಹೀರಿಕೆ ಒಂದು ಗಳಿಗೆ ತಪ್ಪಿತು. ಎಳೆ ಕಾದ ಸೂಜಿಗೆ ಸುತ್ತಿಕೊಂಡಿತು. ಕ್ಯಾಮೆರಾದ ಫ್ಲ್ಯಾಶ್ ಹೊಡೆದಂತೆ ಒಂದು ಬೆಳಕು, ಅಷ್ಟೇ. ಶಬ್ದವೂ ಇಲ್ಲ. ತಟ್ಟೆಯ ಮೇಲೆ ಬೆರಳಗಲದ ಕಂದು ಕಲೆ. ಕೈ ತೆಗೆದು ನೋಡಿಕೊಂಡೆ, ಮಣಿಕಟ್ಟಿನ ರೋಮ ಸುರುಟಿಹೋಗಿತ್ತು. ಪಕ್ಕದಲ್ಲಿದ್ದ ಮಹಾಂತೇಶನ ಮುಖ ಬಿಳಿಚಿತು. ವೀರಪ್ಪ ಅಂದು ಮುರಗೋಡಿಗೆ ಮದುವೆಗೆ ಹೋಗಿದ್ದ. ಸಂಜೆ ಬಂದವನಿಗೆ ಮಹಾಂತೇಶ ಹೇಳಿದ. ವೀರಪ್ಪ ತಲೆಯಾಡಿಸಿದ. ಕೇಳಿದ್ದ, ನೋಡಿರಲಿಲ್ಲ.

ಅದಾದ ಕೆಲವು ದಿನಕ್ಕೆ ನನ್ನ ಕಬ್ಬಿಣದ ಕುರ್ಚಿಯ ಮೇಲೆ ಹಸಿರು ಬಟ್ಟೆಯ ಒಂದು ಗಾದಿ ಬಂದು ಕೂತಿತ್ತು.

“ಏನಿದು ವೀರಪ್ಪ?”

“ಕಬ್ಬಿಣದ ಕುರ್ಚಿ, ನಿಮಗೂ ವಯಸ್ಸಾತು. ಕುಂಡ್ರಿ ಸುಮ್ಮಕ.”

ಕುಳಿತೆ. ಹಿತವಾಗಿತ್ತು. ಹತ್ತಿಯ ಗಾದಿ ನಾಲ್ಕು ದಿನಕ್ಕೆ ಚಪ್ಪಟೆಯಾಗುತ್ತದೆ, ಇದು ಎದ್ದ ಕೂಡಲೇ ತಾನೂ ಏಳುತ್ತಿತ್ತು. ಕುಳಿತಾಗ ಸಣ್ಣಗೆ ಚರಚರ ಎನ್ನುತ್ತಿತ್ತು. ಹಳೆಯ ಟೇಪಿನ ಮೌನಗಳನ್ನು ಕೇಳುವ ನನ್ನ ಕಿವಿಗೆ ಆ ಸದ್ದು ಅಡ್ಡ ಬಂದು, ಕೇಳುವಾಗ ಅಲುಗಾಡದೆ ಕೂರುವುದನ್ನು ರೂಢಿಸಿಕೊಂಡೆ. ಒಳಗೇನು ತುಂಬಿದ್ದಾನೆ ಎಂದು ಕೇಳಿದ್ದಕ್ಕೆ “ಜಿನ್ನಿನವರ ಗುಟ್ಟ ಅಕ್ಕಾರ, ಹೇಳಿದ್ರ ನನ್ನ ಕೆಲಸಾ ಹೋಗತೈತಿ” ಎಂದು ಹೊರಟುಹೋದ.

ಕೊನೆಯ ಕೊರೆತಕ್ಕೆ ಮೊದಲು ಗಂಗವ್ವ ಬಂದಳು, ಹಾಡು ಸರಿಯಾಗಿದೆಯೆಂದು ಹೇಳಬೇಕಾದವಳು ಅವಳೇ. ಉಗರಗೋಳದಿಂದ ಬಸ್ಸು ಹಿಡಿದು, ಬಗಲಲ್ಲಿ ಚೌಡಿಕಿ ಸಿಕ್ಕಿಸಿಕೊಂಡು ಬಂದಿದ್ದಳು. ಹಣೆ ತುಂಬ ಎಲ್ಲಮ್ಮನ ಅರಿಸಿನದ ಭಂಡಾರ, ಹಲ್ಲು ಅರ್ಧ ಇಲ್ಲ, ದನಿ ಮಾತ್ರ ಟೇಪಿನಲ್ಲಿದ್ದದ್ದೇ. ಕುರ್ಚಿ ಬೇಡವೆಂದಳು. ಹಾಡು ನೆಲದ ಮೇಲೆ ಕೂತೇ ಕೇಳಬೇಕಂತೆ. ಸೊಂಟದ ನೋವಿಗೆ ಕೂರುವುದೂ ಕಷ್ಟ, ಏಳುವುದೂ ಕಷ್ಟ.

ವೀರಪ್ಪ ಒಳಗಿನಿಂದ ಒಂದು ಗಾದಿ ತಂದು ಅವಳ ಕೆಳಗೆ ಸರಿಸಿದ. ಹಳೆಯ ಇಳಕಲ್ ಸೀರೆಯ ತುಂಡಿನಿಂದ ಹೊಲಿದದ್ದು.

“ಇದೇನೋ ಹಲಗಿ, ನನಗ ಮುದುಕಿ ಅಂತಿ?” ಎಂದಳು. ಮೇಳದ ದಿನಗಳಿಂದ ಅವನ ಹೆಸರು ಅವಳಿಗೆ ಹಲಗಿ.

“ಮುದುಕಿ ಅಲ್ಲ, ರಾಣಿ. ರಾಣಿಗೆ ಗಾದಿ ಬೇಕಲ್ಲ.”

“ನಿನ್ನ ಬಾಯಿ ಇನ್ನೂ ಸವದಿಲ್ಲ ನೋಡು. ಹಾಡ ಹಚ್ಚವಾ ಮಗಳ.”

ನಾನು ಪರೀಕ್ಷೆಯ ತಟ್ಟೆ ಹಚ್ಚಿದೆ. ಡೇವಿಡ್ ಮಾಸ್ತರರ ಗಿಟಾರ್ ತಡೆದು ತಡೆದು ನಾಲ್ಕು ಹೆಜ್ಜೆ ಹಾಕಿತು. ಅದರ ಬೆನ್ನಿಗೆ ಚೌಡಿಕಿಯ ತಂತಿ ಅಳುತ್ತಾ ಏರಿತು, ಹಲಗಿ ಸೇರಿತು, ಮೂವತ್ತರ ಗಂಗವ್ವ ಬಾಯಿ ತೆರೆದಳು. ನೆಲದ ಮೇಲಿನ ಗಂಗವ್ವ ಕಣ್ಣು ಮುಚ್ಚಿ ಕೂತಿದ್ದಳು. ಮುಗಿದ ಮೇಲೆ ಕಣ್ಣು ತೆರೆದು ತಟ್ಟೆಯ ಕಡೆ ನೋಡಿದಳು. ಆಮೇಲೆ, “ಮಾಸ್ತರ ಒಂದ ಕಡೆ ತಪ್ಪ್ಯಾನ. ಇರ್ಲಿ ಬಿಡು, ತಪ್ಪಿದ್ದೂ ಆಂವನ ಕೈಲೇ” ಎಂದಳು.

ಏಳುವಾಗ ಅವಳು ಗಾದಿಯನ್ನು ಎರಡು ಕೈಯಲ್ಲಿ ಒತ್ತಿ ನೋಡಿದಳು. “ಭಾಳ ಚಲೋ ಐತೋ ಹಲಗಿ. ಮನಿಗೆ ಒಯ್ಯತೇನಿ. ತಟ್ಟಿ ಮುಂಬೈಗೆ ಹೋಗೂ ದಿನಾ ಹೇಳ್ರಿ. ಅವತ್ತ ದೀಪಾ ಹಚ್ಚೂ ಹೊತ್ತಿಗೆ ಎಲ್ಲವ್ವನ ಮುಂದ ಆರತಿ ಹರಕಿ ಐತಿ ನಂದು. ಇದರ ಮ್ಯಾಲೇ ಕುಂತ ಹಾಡತೇನಿ.”

ಮೂಲ ತಟ್ಟೆಗಳು ಒಂದು ಮಂಗಳವಾರ ಮಧ್ಯಾಹ್ನ ಡಬ್ಬಿಯೊಳಗೆ ಕೂತು ಮುಂಬೈಯ ಕಾರ್ಖಾನೆಗೆ ಹೊರಟವು. ಮಹಾಂತೇಶ ಗಂಗವ್ವನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದ. ನಾನು ಉಳಿದ ಕೆಲಸಕ್ಕೆ, ಅಂದರೆ ಸ್ವಾರ್ಫ್ ಸುಡುವುದಕ್ಕೆ, ಹಿತ್ತಲಿಗೆ ಹೋದೆ. ಡ್ರಮ್ಮಿನ ಮುಚ್ಚಳ ತೆಗೆದೆ. ತೇಲುತ್ತಿದ್ದ ನಾಲ್ಕು ಎಳೆಗಳ ಕೆಳಗೆ ತಿಳಿ ನೀರು. ನನ್ನ ಮುಖ ಕಾಣಿಸಿತು. ಕೋಲು ಹಾಕಿ ತಳದವರೆಗೆ ಆಡಿಸಿದೆ. ಏನೂ ಇಲ್ಲ.

“ವೀರಪ್ಪ! ಇದರಾಗಿನ ಕರಿ ಎಳಿ ಎಲ್ಲಿ?”

ಅವನು ಹೆಮ್ಮೆಯಿಂದಲೇ ಬಂದ. “ನೀವು ಸುಟ್ಟ ಬಿಡ್ತೇನಿ ಅಂದ್ರಿ. ನನಗ ಕರುಳ ಕಿತ್ತ ಬಂತು. ಜಿನ್ನಿನ್ಯಾಗ ನಾವು ಉದುರಿದ ದೂಳನೂ ಒಗೀತಿದ್ದಿಲ್ಲರಿ, ದಿಂಬಿಗೆ ತುಂಬತಿದ್ವಿ. ಇದೆಂಥಾ ಮಾಲು, ಕುದರಿ ಕೂದಲ ಹಾಂಗ ಪುಟೀತೈತಿ! ಅಂಟವಾಳ ಹಾಕಿ ತೊಳದ್ನಿ, ಮಾಳಿಗಿ ಮ್ಯಾಲೆ ನೆರಳಾಗ ಒಣಗಿಸಿದ್ನಿ. ಗಂಗವ್ವನ ಗಾದಿ ಒಳಗ ಮತ್ತ ಏನ ತುಂಬೇನಿ ಅಂತ ಮಾಡೀರಿ?”

ನನ್ನ ಕೈಯಲ್ಲಿದ್ದ ಕೋಲು ನೀರಿಗೆ ಬಿತ್ತು. ಅವನ ಲೆಕ್ಕ ಏನೆಂದು ಆ ಕ್ಷಣದಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಬೆಂಕಿ ಬೇಗ ಹತ್ತುತ್ತದೆ ಎಂದರೆ ಅರಳೆಗೆ ಹತ್ತುವಂತೆ ಎಂದು ಅವನು ತಿಳಿದಿದ್ದ. ಅರಳೆಯ ಗಾದಿಗೆ ಕಿಡಿ ಬಿದ್ದರೆ ಮೊದಲು ಹೊಗೆ ಏಳುತ್ತದೆ, ಕಮಟು ಬರುತ್ತದೆ. ಮನುಷ್ಯ ಎದ್ದು ಬಡಿದು ಆರಿಸಬಹುದು. ಅರಳೆ ಸಮಯ ಕೊಡುತ್ತದೆ.

ಸಂಜೆಯ ಬಿಸಿಲು ಗೋಡೆಯ ಮೇಲಿನ ಅಂಚಿಗೆ ಬಂದಿತ್ತು. ದೀಪ ಹಚ್ಚುವ ಹೊತ್ತಿಗೆ ಆರತಿ ಎಂದಿದ್ದಳು.

ವೀರಪ್ಪನ ತೋಳು ಹಿಡಿದು ಕಾರಿಗೆ ತಳ್ಳಿದೆ. ಮಹಾಂತೇಶ ಒಳಗೆ ಟೇಪುಗಳ ನಕಲು ತೆಗೆಯುತ್ತಿದ್ದ, ಅವನಿಗೆ ಹೇಳಲೂ ನಿಲ್ಲಲಿಲ್ಲ. ಸವದತ್ತಿ ರಸ್ತೆಗೆ ತಿರುಗಿದ ಕೂಡಲೇ ಅವನಿಂದ ಗಂಗವ್ವನ ಫೋನಿಗೆ ಕರೆ ಮಾಡಿಸಿದೆ. ಗಂಟೆ ಹೋಗುತ್ತಿತ್ತು, ಎತ್ತುವವರಿಲ್ಲ.

“ಪೂಜಿಗೆ ಕುಂತಾಗ ಫೋನು ಒಳಗಿನ ಖೋಲಿಯಾಗ ಇಡ್ತಾಳ್ರಿ” ಎಂದ ವೀರಪ್ಪ. ಫೋನು ಕೆಳಗಿಟ್ಟು, “ಅಷ್ಟ ಕೆಟ್ಟದ್ದೇನ್ರಿ ಅದು?” ಎಂದ.

“ಮುರಗೋಡಿಂದ ಬಂದ ದಿನಾ ಮಹಾಂತೇಶ ಹೇಳಿದ್ನಲ್ಲ, ನನ್ನ ಕೈ ಸುಟ್ಟಿದ್ದು. ಅದು ಒಂದ ಎಳಿ, ವೀರಪ್ಪ. ಒಂದ ಎಳಿ.”

ಅವನು ಮತ್ತೆ ಗಂಗವ್ವನ ನಂಬರು ಒತ್ತಿದ. ಕಬ್ಬಿನ ಹಂಗಾಮು. ರಸ್ತೆ ತುಂಬ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡು ಟ್ರೇಲರು, ಒಳಗೆ ಹಾಡು ಹಚ್ಚಿಕೊಂಡ ಡ್ರೈವರು, ಹಾರ್ನ್ ಹೊಡೆದರೂ ಕೇಳುವುದಿಲ್ಲ. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಎರಡೂ ಕಡೆ ಎರಿ ಹೊಲ ಕಪ್ಪಾಗುತ್ತ ಬಂತು. ಎಲ್ಲಮ್ಮನ ಗುಡ್ಡದ ಮೇಲೆ ಮೊದಲ ದೀಪ ಕಂಡಾಗ ವೀರಪ್ಪ ಎರಡು ಕೈ ಜೋಡಿಸಿದ. ಕೈ ಬಿಡಿಸಲೇ ಇಲ್ಲ.

ಗಂಗವ್ವನ ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಗೋಡೆಗೆ ಪಡಲಗಿ. ಎಲ್ಲಮ್ಮನ ಮುಖವಿರುವ, ಬೇವಿನ ಎಲೆ ಹೊದಿಸಿದ ಬಿದಿರಿನ ಬುಟ್ಟಿ ಅದು. ಅದರ ಮುಂದೆ ಎರಡು ಎಣ್ಣೆಯ ದೀಪ. ಓಣಿಯ ಮೂವರು ಹೆಂಗಸರು ಗೋಡೆಗೊರಗಿ ಕೂತಿದ್ದರು. ನಡುವೆ ಗಂಗವ್ವ, ಇಳಕಲ್ ಸೆರಗಿನ ಗಾದಿಯ ಮೇಲೆ ಕಾಲು ಮಡಚಿ. ಚೌಡಿಕಿ ಪಕ್ಕಕ್ಕೆ ಇಟ್ಟಿದ್ದಳು, ಹಾಡು ಮುಗಿದಿತ್ತು. ಕೈಯಲ್ಲಿ ಹಿತ್ತಾಳೆಯ ಆರತಿ ತಟ್ಟೆ. ಅದರ ಮೇಲೆ ಕರ್ಪೂರದ ಗುಡ್ಡೆ, ಹತ್ತಿಸಿದ್ದು. ಜ್ವಾಲೆ ಅವಳ ಮುಖದ ಎತ್ತರಕ್ಕಿತ್ತು. ತಟ್ಟೆ ಸುತ್ತಿದಾಗಲೆಲ್ಲ ಅದು ಗಾದಿಯ ಮೇಲೆ ಹಾದು ಹೋಗಿ ಬರುತ್ತಿತ್ತು.

ಬಾಗಿಲಲ್ಲಿ ನಿಂತೆ. ಕೂಗಲು ಬಾಯಿ ತೆರೆದವಳು ಮುಚ್ಚಿದೆ. ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ತಟ್ಟೆ ವಾಲುತ್ತದೆ. ಆರತಿಯನ್ನು ಊದಿ ಆರಿಸುವಂತಿಲ್ಲ, ಅದು ತಾನಾಗಿ ಆರಬೇಕು. ನಡುವೆ ಆರತಿ ಬಿಟ್ಟು ಏಳು ಎಂದರೆ ಗಂಗವ್ವ ಏಳುವವಳಲ್ಲ, ಯಾಕೆ ಎಂದು ಕೇಳುವವಳು.

“ಬಾ ಮಗಳ, ತಡಾ ಮಾಡಿದಿ” ಎಂದಳು ತಟ್ಟೆ ನಿಲ್ಲಿಸದೆ. “ಕುಂದರು.”

“ಅವ್ವಾ, ಆರತಿ ನಾ ಹಿಡೀಲೇನ?”

“ಹರಕಿ ನಂದು, ಆರತಿ ನಿಂದಾ? ಚಲೋ ಆತು!” ಹೆಂಗಸರು ನಕ್ಕರು. ತಟ್ಟೆ ಇನ್ನೊಂದು ಸುತ್ತು ಬಂತು. ಕರ್ಪೂರದ ಒಂದು ಚೂರು ಅಂಚಿಗೆ ಸರಿಯಿತು.

ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ. ಫೋನು ಹೊರತೆಗೆದೆ. “ಹಂಗಾರ ಒಂದ ಉಪಕಾರ ಮಾಡ್ರಿ ಅವ್ವಾ. ರಿಕಾರ್ಡಿನ ಕವರಿಗೆ ನಿಮ್ಮ ಫೋಟೋ ಬೇಕಾಗೇತಿ. ಆರತಿ ಹಿಡದ ನಿಂದರ್ರಿ. ಕುಂತ್ರ ಎಲ್ಲವ್ವನ ಮುಖಾ ಬರೂದಿಲ್ಲ.”

“ಕವರಿಗಾ?” ಗಂಗವ್ವನ ಮುಖ ಬದಲಾಯಿತು. “ಮೊದಲ ಹೇಳಬಾರದೇನ ಹುಚ್ಚಿ, ಹೊಸ ಸೀರಿ ಉಡ್ತಿದ್ನಿ. ಏ ಹಲಗಿ, ನೋಡಕೋತ ನಿಂತೀಯಲ್ಲ, ಕೈ ಕೊಡು.”

ವೀರಪ್ಪ ಒಂದು ಕೈಯನ್ನು ಅವಳ ತೋಳಿಗೆ ಕೊಟ್ಟ. ಉರಿಯುವ ತಟ್ಟೆ ಅವಳ ಇನ್ನೊಂದು ಕೈಯಲ್ಲೇ. ಸೊಂಟದ ನೋವಿನವಳು, ಒಂದು ಮೊಣಕಾಲು ಎತ್ತಿದಳು, “ಎಲ್ಲವ್ವಾ” ಎಂದಳು, ಸುಧಾರಿಸಿಕೊಂಡಳು, ಮತ್ತೆ ಇನ್ನೊಂದು. ತಟ್ಟೆ ವಾಲಿತು. ಅವಳು ನೆಟ್ಟಗೆ ನಿಲ್ಲುವ ಮೊದಲೇ ವೀರಪ್ಪ ಬಗ್ಗಿ ಗಾದಿಯ ತುದಿ ಹಿಡಿದು ಹಿಂದಕ್ಕೆ ಎಳೆದ. ನಾನು ಫೋಟೋ ಒತ್ತಿದೆ. ಉರಿಯುವ ಕರ್ಪೂರದ ಚೂರು ತಟ್ಟೆಯ ಅಂಚಿನಿಂದ ಬಿತ್ತು, ಗಾದಿ ಇದ್ದ ಜಾಗದ ಬರಿಯ ಹಾಸುಗಲ್ಲಿನ ಮೇಲೆ. ಅಲ್ಲಿ ನೀಲಿಯಾಗಿ ಉರಿಯುತ್ತ ಕೂತಿತು.

ನಾನು ಅದನ್ನೇ ನೋಡುತ್ತಿದ್ದೆ. ಈಗಲೂ ನೋಡುತ್ತಿದ್ದೇನೆ.

ವೀರಪ್ಪ ಗಾದಿಯನ್ನು ಎದೆಗವಚಿಕೊಂಡು ಹೊರಗೋಡಿದ. ಹಿಂದೆಯೇ ನಾನು. ಮನೆಯ ಹಿಂದೆ ಉತ್ತ ಹೊಲ. ಅವನ ಕೈಯಿಂದ ಗಾದಿಯನ್ನು ತೆಗೆದುಕೊಂಡೆ. ಗಾದಿ ಹಗುರವಾಗಿತ್ತು. ಅಷ್ಟು ದಿನದ ಜಾಡಿಗಳನ್ನು ತುಂಬಿಸಿದವಳು ನಾನು. ಆ ಎಳೆಯ ಅಂದಾಜು ನನ್ನ ಕೈಗೆ ಗೊತ್ತು. ಇದು ಅರ್ಧವೂ ಅಲ್ಲ.

“ವೀರಪ್ಪ, ಉಳದದ್ದು ಎಲ್ಲಿ?”

ಅವನು ಬೇರೆಲ್ಲೋ ನೋಡಿದ. “ನೀವ ಕುಂದರತೀರಲ್ರಿ ಅಕ್ಕಾರ. ಕುರ್ಚಿ ಮ್ಯಾಲೆ.”

ಹಸಿರು ಗಾದಿ. ಚರಚರ ಎನ್ನುತ್ತಿದ್ದದ್ದು. ಕಾದ ಸೂಜಿಯಿಂದ ಮೊಣಕೈ ದೂರದಲ್ಲಿ, ನಾನು ಅಲುಗಾಡದೆ ಕೂತು, ಹಾಡಿನ ಮೌನವನ್ನು ಕೇಳುತ್ತಿದ್ದ ಆ ಎಲ್ಲ ಮಧ್ಯಾಹ್ನಗಳು.

ಮಹಾಂತೇಶನಿಗೆ ಫೋನು ಮಾಡಿದೆ. ತಕ್ಷಣ ಎತ್ತಿದ.

“ಎಲ್ಲಿ ಕುಂತಿ?”

“ನಿಮ್ಮ ಕುರ್ಚಿಯಾಗ್ರಿ. ಭಾಳ ಮೆತ್ತಗೈತಿ ಇದು, ಏಳಾಕ ಮನಸ ಆಗವಲ್ದು. ಒಂದೀಟ ತಡೀರಿ ಅಕ್ಕಾರ, ಲೇಥಿಗೆ ಊದಬತ್ತಿ ಹಚ್ಚಿ ಮಾಡತೇನಿ. ತಟ್ಟಿ ಹೋತಲ್ಲ, ಇನ್ನ ವೀರಪ್ಪಜ್ಜನ ಕಾಟ ಇಲ್ಲ. ಕಡ್ಡಿಪೆಟ್ಟಿಗಿ ಕೈಯಾಗೈತಿ.”

“ಹಚ್ಚಬ್ಯಾಡ.”

“ಅಂ?”

“ಮಹಾಂತೇಶ, ನಾ ಹೇಳಿದಷ್ಟ ಮಾಡು. ಕಡ್ಡಿಪೆಟ್ಟಿಗಿ ಕಿಸೇದಾಗ ಇಡು. ಸಾವಕಾಶ ಏಳು. ಯಾವ ಸ್ವಿಚ್ಚೂ ಮುಟ್ಟಬ್ಯಾಡ. ಹೊರಗ ಹೋಗು.”

ಅವನು ನಗಲು ಶುರು ಮಾಡಿದ. ಆಮೇಲೆ ನನ್ನ ದನಿ ಅವನಿಗೆ ಕೇಳಿಸಿತೆಂದು ಕಾಣುತ್ತದೆ. ಫೋನಿನಲ್ಲಿ ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು, ದೊಡ್ಡ ಬಾಗಿಲು ಕಿರುಗುಟ್ಟಿದ್ದು, ಕೊನೆಗೆ ಬಯಲಿನ ಗಾಳಿ. “ಹೊರಗ ಬಂದ್ನಿ” ಎಂದ. ನಾನು ಬರುವತನಕ ಒಳಗೆ ಕಾಲಿಡಬೇಡ ಎಂದೆ.

ಹಸಿರು ಗಾದಿಯನ್ನು ಮರುದಿನ ಬೆಳಿಗ್ಗೆ ನೀರಿನಲ್ಲಿ ಅದ್ದಿ ನಾನೇ ಬಿಚ್ಚಿದೆ. ಇಳಕಲ್ಲಿನದಕ್ಕೆ ಅಷ್ಟು ತಾಳ್ಮೆ ಉಳಿದಿರಲಿಲ್ಲ, ಮನೆಯ ಹತ್ತಿರ ಅದನ್ನು ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ. ಆಗಲೇ ಹೊಲದ ನಡುವೆ ಉತ್ತ ಸಾಲೊಂದರಲ್ಲಿ ಅದನ್ನು ಇಟ್ಟು, ಉದ್ದನೆಯ ಗಳದ ತುದಿಗೆ ಎಣ್ಣೆಬಟ್ಟೆ ಸುತ್ತಿ ಹೊತ್ತಿಸಿ, ದೂರದಿಂದ ಮುಟ್ಟಿಸಿದೆ.

ಶಬ್ದ ಬಂತೋ ಇಲ್ಲವೋ ನೆನಪಿಲ್ಲ. ಮನುಷ್ಯನಿಗಿಂತ ಎತ್ತರದ ಹಳದಿ ಬೆಳಕೊಂದು ನೆಲದಿಂದ ನೇರ ಮೇಲೆದ್ದಿತು. ಹೊಲ, ಮನೆಯ ಗೋಡೆ, ಬಾಗಿಲಲ್ಲಿ ನಿಂತ ಹೆಂಗಸರ ಮುಖ, ಎಲ್ಲ ಒಮ್ಮೆ ಹಗಲಾಯಿತು. ಕೆನ್ನೆಗೆ ಬಾಣಲೆಯ ಕಾವು ಬಡಿಯಿತು. ಉಸಿರು ಒಳಗೆ ತೆಗೆದುಕೊಂಡಿದ್ದೆ, ಬಿಡುವಷ್ಟರಲ್ಲಿ ಮುಗಿದಿತ್ತು. ಸಾಲಿನಲ್ಲಿ ಸೀರೆಯ ತುಂಡು ಅಲ್ಲಲ್ಲಿ ಕೆಂಪಗೆ ಮಿಣುಕುತ್ತಿತ್ತು. ಒಳಗಿನದರ ಗುರುತಿಗೆ ಬೂದಿಯೂ ಇರಲಿಲ್ಲ.

ವೀರಪ್ಪ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಮುಖಕ್ಕೆ ಟವೆಲು ಒತ್ತಿಕೊಂಡ. ಅವನ ಭುಜ ಅಲುಗುತ್ತಿತ್ತು. ಗಂಗವ್ವ ಕೋಲೂರುತ್ತ ಬಂದು ಅವನ ಪಕ್ಕ ನಿಂತಳು.

“ಅದು ಏನಿತ್ತ ಮಗಳ ಒಳಗ?”

“ನಿಮ್ಮ ಹಾಡ ಕೊರೆಯೂ ಮುಂದ ತಟ್ಟಿಯಿಂದ ಉದುರಿದ್ದು, ಅವ್ವಾ.”

ಅವಳು ಅದನ್ನು ಮನಸ್ಸಿನಲ್ಲಿ ತಿರುವಿ ಹಾಕಿದಳು. “ನನ್ನ ಹಾಡ ನನ್ನ ಸುಡತಿತ್ತು ಅನ್ನು” ಎಂದಳು. ಆಮೇಲೆ ವೀರಪ್ಪನ ತಲೆಯ ಮೇಲೆ ಕೈಯಿಟ್ಟು, “ಏಳೋ ಹಲಗಿ. ಸೊಂಟಾ ನೋಯ್ತದಂತ ಮಾಡಿದಿ, ನನಗ ಗೊತ್ತಿಲ್ಲೇನ? ಮುಂದಿನ ಗಾದಿ ಅರಳೀದ ಮಾಡು. ಚಪ್ಪಟ ಆದ್ರ ಆಗ್ಲಿ” ಎಂದಳು.

ನಾವು ಈ ವೃತ್ತಿಯವರು ತಟ್ಟೆಯ ಮೇಲೆ ಉಳಿದ ಗೆರೆಯನ್ನು ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ನೋಡುತ್ತೇವೆ. ತೆಗೆದುಹಾಕಿದ್ದನ್ನು ಜಾಡಿಗೆ ಬಿಟ್ಟು ಮುಚ್ಚಳ ಹಾಕುತ್ತೇವೆ. ಎಚ್ಚರಿಕೆಯ ಮಾತನ್ನು ಕೇಳುವವನು ತಾನು ಕಂಡ ಬೆಂಕಿಯ ಅಳತೆಯಲ್ಲೇ ಕೇಳಿಸಿಕೊಳ್ಳುತ್ತಾನೆ ಎಂಬುದನ್ನು ಆ ಸಂಜೆ ನನಗೆ ಕಲಿಸಿತು. ಈಗ ನಾನು ಹೊಸ ಜಾಗಕ್ಕೆ ಹೋದರೆ ಮಾತಿನಲ್ಲಿ ಹೇಳುವುದಿಲ್ಲ. ಎಲ್ಲರನ್ನೂ ಬಯಲಿಗೆ ಕರೆದು, ಒಂದು ಚಿಟಿಕೆ ಒಣ ಎಳೆಯನ್ನು ಕಲ್ಲಿನ ಮೇಲಿಟ್ಟು, ಅವರ ಕಣ್ಣ ಮುಂದೆ ಮುಟ್ಟಿಸುತ್ತೇನೆ. ಕಸ ಎಲ್ಲಿ ಸೇರಿತು ಎಂದು ಕಣ್ಣಾರೆ ನೋಡುವತನಕ ಕೆಲಸ ಮುಗಿಯಿತು ಎನ್ನುವುದಿಲ್ಲ. ಯಾರ ಮನೆಗೆ ಹೋದರೂ ದಿಂಬನ್ನು ಒಮ್ಮೆ ಒತ್ತಿ ಕಿವಿಗೊಡುತ್ತೇನೆ. ಜನ ನಗುತ್ತಾರೆ.

ರಿಕಾರ್ಡು ಹೊರಬಂತು. ಕೇಳಿದವರು ಚೌಡಿಕಿಯೂ ಗಿಟಾರೂ ಒಂದೇ ಗಂಟಲಿನಿಂದ ಬಂದಂತಿವೆ ಎಂದು ಬರೆಯುತ್ತಾರೆ. ಕವರಿನ ಹಿಂಬದಿಗೆ ಮಹಾಂತೇಶ ಆ ಸಂಜೆಯ ಫೋಟೋವನ್ನೇ ಹಾಕಿದ. ನಾನು ಬೇಡವೆಂದೆ, ಗಂಗವ್ವ ಬೇಕೆಂದಳು. ಬೇವಿನ ನಡುವೆ ಎಲ್ಲಮ್ಮನ ಮುಖ, ವಾಲಿದ ಆರತಿ ತಟ್ಟೆ, ಬೊಚ್ಚು ಬಾಯಲ್ಲಿ ನಗುತ್ತ ಇನ್ನೂ ಪೂರ್ತಿ ನೆಟ್ಟಗಾಗದ ಮುದುಕಿ. ಕೆಳಗೆ ಬಲ ಮೂಲೆಯಲ್ಲಿ ಒಂದು ಕೈ, ಅರ್ಧ ಮಾತ್ರ ಬಂದಿದೆ. ಇಳಕಲ್ ಸೀರೆಯ ಅಂಚೊಂದನ್ನು ಅದು ಚಿತ್ರದಿಂದಾಚೆ ಎಳೆಯುತ್ತಿದೆ. ಅದು ಯಾರ ಕೈ, ಏನು ಎಳೆಯುತ್ತಿದೆ ಎಂದು ಕೇಳುತ್ತಾರೆ. ಹಲಗಿ ಬಾರಿಸಿದವನ ಕೈ ಎಂದಷ್ಟೇ ಹೇಳುತ್ತೇನೆ.